ಕೌದಿಗೂ ಕಲೆಯ ಗೌರವ ಸಲ್ಲಲಿ



ಬೇಡದ ವಸ್ತುಗಳಿಂದ ಕಲೆ ಎಂದೊಡನೆ ಚಂಡೀಗಡದ ರಾಕ್ ಗಾರ್ಡನ್ ನೆನಪಾಗುತ್ತದೆ. ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ಅದನ್ನು ಕಟ್ಟಿದ ನೇಕ್ ಚಂದ್ ಅವರಿಗೆ 1984ರಲ್ಲಿ ಪದ್ಮಶ್ರೀ ಬಂತು. ಸಂತೋಷವೇ. ಆದರೆ ನಮ್ಮ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರ ಕೌದಿಯನ್ನು ನಾವು ಇನ್ನೂ ಬರಿಯ ಹೊದಿಕೆ ಎಂದೇ ನೋಡುತ್ತಿದ್ದೇವೆ. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಹಿಡಿದು ಸುತ್ತುಸುತ್ತಾಗಿ ನಡುವಿನವರೆಗೆ ಹೊಲಿಯುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಿಸಿ ಪುಟ್ಟ ಹೂವು ಕೂರಿಸುತ್ತಾರೆ. ನನ್ನಜ್ಜಿಯೂ ಕೌದಿ ಹೊಲಿಯುತ್ತಿದ್ದಳು, ಹಾಗಾಗಿ ಆ ಬೆರಳುಗಳ ನೋವು ನನಗೆ ಗೊತ್ತು. ನಗರಗಳ ಅಂದ ಹೆಚ್ಚಿಸಲು ಹಣ ಖರ್ಚು ಮಾಡುವವರು ಈ ಹೆಂಗಸರನ್ನೂ ಕರೆಯಲಿ, ಕಲಾವಿದರಿಗೆ ಕೊಡುವಷ್ಟೇ ಸಂಭಾವನೆ ಕೊಡಲಿ. ಶಾಲೆಗಳ ಕರಕುಶಲ ತರಗತಿಗೂ ಅವರೇ ಗುರುಗಳಾಗಿ ಬರಲಿ.

– ಓದುಗರೊಬ್ಬರು, ಶಿರಸಿ