‘ಲಕೊಂಬ್, ಲೂಸಿಯೆನ್’: ಮರ್ಯಾದೆ ಹುಡುಕಿ ಹೊರಟ ಹುಡುಗ

ವರ್ಷಕ್ಕೊಂದು ಸಂಚಿಕೆ, ಸಂಚಿಕೆಗೊಂದು ಸಿನಿಮಾ ಎಂಬ ನಮ್ಮ ಕ್ರಮದಂತೆ ಈ ಸಲ ಫ್ರಾನ್ಸಿನ ಒಂದು ಹಳೆಯ ಚಿತ್ರವನ್ನು ಆರಿಸಿಕೊಂಡಿದ್ದೇವೆ. 1974ರಲ್ಲಿ ತೆರೆಕಂಡ ‘ಲಕೊಂಬ್, ಲೂಸಿಯೆನ್’. ನಿರ್ದೇಶಕ ಲೂಯಿ ಮಾಲ್. ಶೀರ್ಷಿಕೆಯಲ್ಲಿ ಮನೆತನದ ಹೆಸರು ಮೊದಲು, ಹುಡುಗನ ಹೆಸರು ಆಮೇಲೆ, ನಡುವೆ ಒಂದು ಅಲ್ಪವಿರಾಮ. ಹಾಜರಿ ಪುಸ್ತಕದಲ್ಲಿ, ಪೊಲೀಸ್ ಕಡತದಲ್ಲಿ ಬರೆಯುವ ರೀತಿ ಅದು. ವೀಸಾ ಕಾಗದದಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಮುಂದೆ ಬಂದು, ಮನೆಯಲ್ಲಿ ಕರೆಯುವ ಹೆಸರು ಹಿಂದೆ ಬಿದ್ದುದನ್ನು ನೋಡಿ ಅಭ್ಯಾಸವಾದ ನಮಗೆ ಇದು ಹೊಸತೇನಲ್ಲ. ಚಿತ್ರದ ಹುಡುಗ ತನ್ನ ಪರಿಚಯ ಹೇಳಿಕೊಳ್ಳುವುದೂ ಹೀಗೆಯೇ: ಮೊದಲು ಲಕೊಂಬ್, ಆಮೇಲೆ ಲೂಸಿಯೆನ್.

ಕಥೆ ನಡೆಯುವುದು 1944ರ ಜೂನ್ ತಿಂಗಳಿನಲ್ಲಿ, ಫ್ರಾನ್ಸಿನ ನೈರುತ್ಯ ಭಾಗದ ಒಂದು ಸಣ್ಣ ಪೇಟೆಯಲ್ಲಿ. 1940ರಲ್ಲಿ ಜರ್ಮನಿಗೆ ಸೋತ ಫ್ರಾನ್ಸಿನ ಉತ್ತರ ಭಾಗ ನೇರವಾಗಿ ಜರ್ಮನ್ ಸೇನೆಯ ಕೈಗೆ ಹೋಯಿತು. ದಕ್ಷಿಣದಲ್ಲಿ ಮಾರ್ಷಲ್ ಪೆತಾಂ ಎಂಬ ಹಳೆಯ ಸೇನಾನಿಯ ಸರ್ಕಾರ ಜರ್ಮನ್ನರ ಮಾತು ಕೇಳಿಕೊಂಡು ನಡೆಯಿತು. 1942ರ ನವೆಂಬರಿನಲ್ಲಿ ದಕ್ಷಿಣವನ್ನೂ ಜರ್ಮನ್ನರು ಹಿಡಿದರು. ಆಕ್ರಮಣದ ವಿರುದ್ಧ ಕಾಡುಗುಡ್ಡ ಸೇರಿ ಹೋರಾಡಿದವರೂ ಇದ್ದರು, ಜರ್ಮನ್ ಪೊಲೀಸರ ಕೈಯಾಳುಗಳಾಗಿ ಸ್ವಂತ ಊರಿನವರನ್ನೇ ಹಿಡಿದುಕೊಟ್ಟ ಫ್ರೆಂಚರೂ ಇದ್ದರು.

ಗಲ್ಫಿನಲ್ಲಿರುವ ನಮಗೆ ಪರರ ಸೇನೆ ಬಂದು ಕೂತ ಊರು ಎಂಬುದು ಬರೀ ಪುಸ್ತಕದ ಮಾತಲ್ಲ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಆಗ ಜೋರ್ಡಾನಿನ ಅಮ್ಮಾನ್ ತನಕ ಹೇಗೋ ತಲುಪಿ, ಏರ್ ಇಂಡಿಯಾ ವಿಮಾನ ಹತ್ತಿ ಮುಂಬಯಿಯಲ್ಲಿ ಇಳಿದ ಭಾರತೀಯರು ಒಂದು ಲಕ್ಷಕ್ಕೂ ಮಿಕ್ಕಿ. ನಿನ್ನೆಯ ಗುರುತುಚೀಟಿಗೆ ಇಂದು ಬೆಲೆಯಿಲ್ಲ, ಬಂದೂಕು ಹಿಡಿದವನ ಮಾತೇ ಕಾನೂನು ಎಂಬ ಸ್ಥಿತಿ ಹೇಗಿರುತ್ತದೆಂದು ಆ ಹಿರಿಯರಿಗೆ ಗೊತ್ತು. ಲೂಸಿಯೆನ್ ಬದುಕುತ್ತಿದ್ದುದು ಅಂಥ ಊರಿನಲ್ಲಿ.

ಇವನು ರೈತರ ಮಗ, ಇನ್ನೂ ಮೀಸೆ ಮೂಡುವ ವಯಸ್ಸು. ಅಪ್ಪ ಜರ್ಮನಿಯಲ್ಲಿ ಯುದ್ಧಕೈದಿ. ಅಮ್ಮ ಜಮೀನಿನ ಒಡೆಯನ ಜೊತೆ ಸಂಸಾರ ಮಾಡುತ್ತಿದ್ದಾಳೆ, ಮನೆಯಲ್ಲಿ ಮಗನಿಗೆ ಜಾಗವಿಲ್ಲ. ಪೇಟೆಯ ಆಸ್ಪತ್ರೆಯಲ್ಲಿ ನೆಲ ಒರೆಸುವುದು, ರೋಗಿಗಳ ಮಲಮೂತ್ರದ ಪಾತ್ರೆ ಎತ್ತುವುದು ಅವನ ಕೆಲಸ. ಚಿತ್ರದ ಆರಂಭದಲ್ಲೇ ಅವನು ನೆಲ ಒರೆಸುತ್ತಿದ್ದವನು ಕಿಟಕಿಯ ಬಳಿ ನಿಂತು, ಜೇಬಿನಿಂದ ಕವಣೆ ತೆಗೆದು, ಮರದ ಮೇಲೆ ಹಾಡುತ್ತಿದ್ದ ಪುಟ್ಟ ಹಕ್ಕಿಯನ್ನು ಹೊಡೆದು ಬೀಳಿಸುತ್ತಾನೆ. ಮತ್ತೆ ನೆಲ ಒರೆಸುತ್ತಾನೆ. ಮುಖದಲ್ಲಿ ಕೋಪವಿಲ್ಲ, ಸಂತೋಷ ತುಸುವೇ. ಮುಂದೆ ಸತ್ತ ಕುದುರೆಯೊಂದರ ತಲೆಯನ್ನು ಇದೇ ಕೈಯಿಂದ ಸವರುತ್ತಾನೆ. ಇವನು ಕ್ರೂರಿಯೋ ಮುಗ್ಧನೋ ಎಂದು ತೀರ್ಮಾನಿಸಲು ನಿರ್ದೇಶಕರು ನಮಗೆ ಅವಸರ ಮಾಡಗೊಡುವುದಿಲ್ಲ.

ಲೂಸಿಯೆನ್ ಮೊದಲು ಹೋದದ್ದು ಹೋರಾಟಗಾರರ ಕಡೆಗೇ. ಗುಪ್ತವಾಗಿ ಅವರ ಕೆಲಸ ನೋಡಿಕೊಳ್ಳುತ್ತಿದ್ದ ಊರಿನ ಶಾಲಾ ಮೇಷ್ಟ್ರ ಬಳಿ ಹೋಗಿ, ತನ್ನನ್ನೂ ಸೇರಿಸಿಕೊಳ್ಳಿ ಎನ್ನುತ್ತಾನೆ. ನೀನಿನ್ನೂ ಚಿಕ್ಕವನು ಎಂದು ಮೇಷ್ಟ್ರು ಕಳಿಸಿಬಿಡುತ್ತಾರೆ. ಅದು ತಪ್ಪೇನಲ್ಲ. ಬಾಯಿ ಭದ್ರವಿಲ್ಲದ ಹುಡುಗನನ್ನು ಅಂಥ ಕೆಲಸಕ್ಕೆ ಯಾರು ತಾನೇ ಸೇರಿಸಿಕೊಳ್ಳುತ್ತಾರೆ? ಪೇಟೆಗೆ ಮರಳುವ ದಾರಿಯಲ್ಲಿ ಅವನ ಸೈಕಲ್ಲು ಪಂಕ್ಚರ್ ಆಗುತ್ತದೆ. ತಳ್ಳಿಕೊಂಡು ಬರುವಷ್ಟರಲ್ಲಿ ಕರ್ಫ್ಯೂ ಹೊತ್ತು ಮೀರಿರುತ್ತದೆ. ದೀಪ ಉರಿಯುತ್ತಿದ್ದ ಒಂದು ಹೋಟೆಲಿನೊಳಗೆ ಇಣುಕುತ್ತಾನೆ. ಅದು ಜರ್ಮನ್ ಪೊಲೀಸರ ಫ್ರೆಂಚ್ ಕೈಯಾಳುಗಳ ಠಾಣೆ.

ಅಲ್ಲಿ ಅವನನ್ನು ಯಾರೂ ಓಡಿಸುವುದಿಲ್ಲ. ಅವನು ಹಿಂದೆ ಮೆಚ್ಚಿಕೊಂಡಿದ್ದ ಸೈಕಲ್ ಚಾಂಪಿಯನ್ ಒಬ್ಬ ಅಲ್ಲಿದ್ದಾನೆ. ಕುರ್ಚಿ ಕೊಡುತ್ತಾರೆ, ಕುಡಿಸುತ್ತಾರೆ, ಊರಿನ ಸಮಾಚಾರ ವಿಚಾರಿಸುತ್ತಾರೆ. ನಾಲಿಗೆ ಸಡಿಲವಾಗಿ ಮೇಷ್ಟ್ರ ಹೆಸರು ಹೊರಬೀಳುತ್ತದೆ. ಬೆಳಿಗ್ಗೆ ಮೇಷ್ಟ್ರನ್ನು ಹಿಡಿದು ತಂದಾಗ ಲೂಸಿಯೆನ್ ಅಲ್ಲೇ ಇದ್ದಾನೆ. ಮೇಲಿನ ಕೋಣೆಯಲ್ಲಿ ಅವರಿಗೆ ಚಿತ್ರಹಿಂಸೆ, ಕೆಳಗೆ ಇವನಿಗೆ ಹೊಸ ಕೆಲಸ. ಹಿಟ್ಲರನ ತತ್ವವನ್ನು ಒಪ್ಪಿ ಅವನು ಅಲ್ಲಿಗೆ ಸೇರಲಿಲ್ಲ. ಅಂಥ ತತ್ವವೊಂದಿದೆ ಎಂಬುದೇ ಅವನ ತಲೆಗೆ ಹೋದಂತಿಲ್ಲ. ಕೂತುಕೋ ಎಂದು ಹೇಳಿದ ಮೊದಲ ಜಾಗ ಅದಾಗಿತ್ತು, ಅಷ್ಟೇ. ಅದೇ ಹೋಟೆಲಿನಲ್ಲಿ ಒಬ್ಬ ಹೆಂಗಸು ರಾಶಿ ರಾಶಿ ಕಾಗದ ಒಡೆದು ಓದುತ್ತಿರುತ್ತಾಳೆ. ನೆರೆಹೊರೆಯವರ ಮೇಲೆ ಚಾಡಿ ಹೇಳಿ ಊರಿನವರು ಬರೆದ ಪತ್ರಗಳು ಅವು. ಲೂಸಿಯೆನ್ ಒಬ್ಬನೇ ದ್ರೋಹಿಯಲ್ಲ ಎಂದು ಹೇಳಲು ನಿರ್ದೇಶಕರಿಗೆ ಆ ಒಂದು ದೃಶ್ಯ ಸಾಕು.

ಆಮೇಲೆ ಹೊಸ ಸೂಟು ಬರುತ್ತದೆ. ಹೊಲಿಯುವವರು ಆಲ್ಬರ್ಟ್ ಹಾರ್ನ್, ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ್ದ ಯಹೂದಿ ದರ್ಜಿ. ಜೀವ ಉಳಿಸಿಕೊಳ್ಳಲು ತಾಯಿ ಮತ್ತು ಮಗಳೊಂದಿಗೆ ಈ ಪೇಟೆಯಲ್ಲಿ ಅಡಗಿದ್ದಾರೆ. ಮಗಳ ಹೆಸರು ಫ್ರಾನ್ಸ್. ಲೂಸಿಯೆನ್ ಅವಳನ್ನು ಮೆಚ್ಚುತ್ತಾನೆ. ಆದರೆ ಅವನು ಪ್ರೀತಿ ತೋರಿಸುವುದೂ ಪಿಸ್ತೂಲಿನ ಬಲದಿಂದಲೇ. ಆಹಾರಕ್ಕೆ ಜನ ಕ್ಯೂ ನಿಂತ ಕಡೆ, ತಾನು ಜರ್ಮನ್ ಪೊಲೀಸಿನವನೆಂದು ಹೇಳಿ ಅವಳನ್ನು ಮುಂದಕ್ಕೆ ನುಗ್ಗಿಸುತ್ತಾನೆ. ಕರೆಯದಿದ್ದರೂ ಷಾಂಪೇನ್ ಬಾಟಲಿ ಹಿಡಿದು ಅವರ ಮನೆಗೆ ಬಂದು ಕೂರುತ್ತಾನೆ. ಬೇಡ ಎನ್ನುವ ಸ್ವಾತಂತ್ರ್ಯ ಆ ಮನೆಯಲ್ಲಿ ಯಾರಿಗೂ ಇಲ್ಲ. ನಿನ್ನನ್ನು ಪೂರ್ತಿಯಾಗಿ ದ್ವೇಷಿಸಲು ನನ್ನಿಂದ ಆಗುತ್ತಿಲ್ಲ ಎಂದು ಹಾರ್ನ್ ಅವನಿಗೆ ಹೇಳುವ ಮಾತು ಚಿತ್ರ ನೋಡಿದವರ ಮಾತೂ ಹೌದು. ಅದೇ ಹಾರ್ನ್ ಒಂದು ದಿನ ಅವನೊಂದಿಗೆ ಮಾತಾಡಬೇಕೆಂದು ಆ ಹೋಟೆಲಿಗೇ ನಡೆದು ಹೋಗುತ್ತಾರೆ. ಮತ್ತೆ ಮನೆಗೆ ಬರುವುದಿಲ್ಲ.

ನಮ್ಮ ಮನಸ್ಸಿನಿಂದ ಹೋಗದ ದೃಶ್ಯ ಇನ್ನೊಂದು. ಹೋಟೆಲಿನಲ್ಲಿ ಕಟ್ಟಿಹಾಕಿದ ಹೋರಾಟಗಾರನೊಬ್ಬನನ್ನು ಲೂಸಿಯೆನ್ ಕಾಯುತ್ತಿರುತ್ತಾನೆ. ನನ್ನನ್ನು ಬಿಡಿಸು, ನಿನಗೂ ಒಳ್ಳೆಯದಾಗುತ್ತದೆ ಎಂದು ಆತ ಬುದ್ಧಿ ಹೇಳುತ್ತಾನೆ. ಫ್ರೆಂಚ್ ಭಾಷೆಯಲ್ಲೂ ನಮ್ಮ ಕನ್ನಡದ ಹಾಗೆ ‘ನೀನು’ ಬೇರೆ, ‘ನೀವು’ ಬೇರೆ. ಆತ ಲೂಸಿಯೆನ್‌ನನ್ನು ಏಕವಚನದಲ್ಲಿ ಮಾತಾಡಿಸಿಬಿಡುತ್ತಾನೆ. ನನಗೆ ‘ನೀನು’ ಅಂದರೆ ಆಗುವುದಿಲ್ಲ ಎಂದವನೇ ಲೂಸಿಯೆನ್ ಆತನ ಬಾಯಿಗೆ ಪಟ್ಟಿ ಅಂಟಿಸಿ, ಅದರ ಮೇಲೆ ಲಿಪ್‌ಸ್ಟಿಕ್‌ನಿಂದ ತುಟಿ ಬರೆಯುತ್ತಾನೆ. ಇಂಗ್ಲಿಷಿನಲ್ಲಿ ಈ ದೃಶ್ಯದ ಅರ್ಧ ಅರ್ಥ ಜಾರಿಹೋಗುತ್ತದೆ. ಕನ್ನಡದವರಿಗೆ ವಿವರಣೆ ಬೇಡ. ‘ಏಯ್, ಬಾರೋ ಇಲ್ಲಿ’ ಎಂದು ಕರೆಸಿಕೊಂಡು ದುಡಿದವರಿಗಂತೂ ಬೇಡವೇ ಬೇಡ. ಆ ಹುಡುಗ ದೇಶ ಮಾರಿ ಕೊಂಡುಕೊಂಡದ್ದು ಒಂದು ಸೂಟು, ಒಂದು ಪಿಸ್ತೂಲು, ಮತ್ತು ಈ ಬಹುವಚನ.

ಹಾಗೆಂದು ಅವನ ಬಡತನವನ್ನೋ ಅವಮಾನವನ್ನೋ ಮುಂದಿಟ್ಟು ಈ ಚಿತ್ರ ಅವನನ್ನು ಬಿಡುಗಡೆ ಮಾಡುವುದಿಲ್ಲ. ಮೇಷ್ಟ್ರ ನೋವು ನಿಜ, ಹಾರ್ನ್ ಇಲ್ಲವಾದದ್ದು ನಿಜ. ಒಬ್ಬ ವೈದ್ಯರ ಮನೆಗೆ ದಾಳಿಗೆ ಹೋದಾಗ, ಅವರ ಮಗ ಕಷ್ಟಪಟ್ಟು ಮಾಡಿದ ಪುಟ್ಟ ಹಡಗನ್ನು ಲೂಸಿಯೆನ್ ಆ ಹುಡುಗನ ಎದುರಿಗೇ ಒಂದೊಂದೇ ತುಂಡಾಗಿ ಮುರಿಯುತ್ತಾನೆ. ಅದಕ್ಕೆ ಯಾರ ಅಪ್ಪಣೆಯೂ ಇರಲಿಲ್ಲ. ಅವಮಾನ ಉಂಡವರೆಲ್ಲ ಹೀಗಾಗುವುದಿಲ್ಲ ಎಂಬುದು ನಮಗೂ ಗೊತ್ತು. ನಿನ್ನೆಯವರೆಗೆ ನಮ್ಮೊಂದಿಗೆ ಕ್ಯಾಂಪಿನ ಒಂದೇ ಕೋಣೆಯಲ್ಲಿ ಮಲಗುತ್ತಿದ್ದವನು ಫೋರ್‌ಮನ್ ಆದ ಮರುದಿನವೇ ಮಾತಿನ ಧಾಟಿ ಬದಲಿಸಿದ್ದನ್ನು ನೋಡಿದ್ದೇವೆ. ಅದೇ ಹುದ್ದೆ ಸಿಕ್ಕಿದ ಮೇಲೂ ಬಿಸಿಲಿನಲ್ಲಿ ನಿಂತವನಿಗೆ ಮೊದಲು ನೀರು ಕೊಟ್ಟವರನ್ನೂ ನೋಡಿದ್ದೇವೆ. ಇಬ್ಬರೂ ಉಂಡ ಅವಮಾನ ಒಂದೇ. ಕೈಗೆ ಬಂದ ಮೊದಲ ಅಧಿಕಾರವನ್ನು ಬಳಸಿದ ರೀತಿ ಬೇರೆ.

ಕೊನೆಗೆ ಫ್ರಾನ್ಸ್ ಮತ್ತು ಅವಳ ಅಜ್ಜಿಯನ್ನು ಹಿಡಿದೊಯ್ಯಲು ಬಂದ ಜರ್ಮನ್ ಸೈನಿಕನ ಜೊತೆ ಲೂಸಿಯೆನ್ನೂ ಬರುತ್ತಾನೆ. ತಾನು ಹಿಂದೆ ಹಾರ್ನ್‌ಗೆ ಕೊಟ್ಟಿದ್ದ ಚಿನ್ನದ ಗಡಿಯಾರವನ್ನು ಮರಳಿ ಎತ್ತಿಕೊಳ್ಳುತ್ತಾನೆ, ಜರ್ಮನ್ ಅದನ್ನು ಕಸಿದುಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಲೂಸಿಯೆನ್ ಅವನನ್ನು ಗುಂಡಿಟ್ಟು ಕೊಂದು ಇಬ್ಬರು ಹೆಂಗಸರನ್ನೂ ಕರೆದುಕೊಂಡು ಓಡಿಹೋಗುತ್ತಾನೆ. ಹುಡುಗಿಗಾಗಿಯೋ, ಗಡಿಯಾರಕ್ಕಾಗಿಯೋ? ಚಿತ್ರ ಹೇಳುವುದಿಲ್ಲ. ಪಾಳುಬಿದ್ದ ತೋಟದ ಮನೆಯಲ್ಲಿ ಕೆಲವು ದಿನ ಮೂವರೂ ನೆಮ್ಮದಿಯಿಂದಿರುತ್ತಾರೆ. ಬೇಟೆಯಾಡಿ ಅವರ ಹೊಟ್ಟೆ ತುಂಬಿಸುವ ಲೂಸಿಯೆನ್ ಅಲ್ಲಿ ಮೊದಲ ಬಾರಿಗೆ ಹುಡುಗನ ಹಾಗೆ ಕಾಣುತ್ತಾನೆ. ಅವನು ಹುಲ್ಲಿನ ಮೇಲೆ ಮಲಗಿರುವಾಗ ತೆರೆಯ ಮೇಲೆ ಅಕ್ಷರ ಮೂಡುತ್ತದೆ: 1944ರ ಅಕ್ಟೋಬರ್ 12ರಂದು ಅವನ ಬಂಧನವಾಯಿತು, ಹೋರಾಟಗಾರರ ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿತು, ಅದು ಜಾರಿಯಾಯಿತು.

ಚಿತ್ರಕಥೆಯನ್ನು ಮಾಲ್ ಜೊತೆ ಬರೆದವರು ಪ್ಯಾಟ್ರಿಕ್ ಮೊದಿಯಾನೋ, 2014ರಲ್ಲಿ ಸಾಹಿತ್ಯದ ನೊಬೆಲ್ ಪಡೆದವರು. ಲೂಸಿಯೆನ್ ಆದ ಪಿಯೆರ್ ಬ್ಲೇಸ್ ಅದೇ ಸೀಮೆಯಲ್ಲಿ ಮರ ಕಡಿಯುತ್ತಿದ್ದ ಹುಡುಗ, ಹಿಂದೆ ನಟಿಸಿದವನಲ್ಲ. ಚಿತ್ರ ಬಂದ ಮರುವರ್ಷವೇ ಕಾರು ಅಪಘಾತದಲ್ಲಿ ತೀರಿಕೊಂಡ. ಮಾಲ್ ನಮ್ಮ ದೇಶಕ್ಕೂ ಅಪರಿಚಿತರಲ್ಲ. 1968ರಲ್ಲಿ ಭಾರತ ಸುತ್ತಿ ಅವರು ಮಾಡಿದ ಸಾಕ್ಷ್ಯಚಿತ್ರ ಮಾಲಿಕೆಯನ್ನು ಬಿಬಿಸಿ ಪ್ರಸಾರ ಮಾಡಿದ್ದಕ್ಕೆ ಸಿಟ್ಟಾದ ಭಾರತ ಸರ್ಕಾರ 1970ರಲ್ಲಿ ಬಿಬಿಸಿಯ ದೆಹಲಿ ಕಚೇರಿಯನ್ನೇ ಮುಚ್ಚಿಸಿತ್ತು.

ಫ್ರಾನ್ಸಿನಲ್ಲೂ ಈ ಚಿತ್ರ ದೊಡ್ಡ ಜಗಳವೆಬ್ಬಿಸಿತು. ನಮಗೆ ತೂಕದ್ದೆನಿಸುವ ಆಕ್ಷೇಪ ಒಂದಿದೆ: ದ್ರೋಹಕ್ಕೆ ಓದುಬರಹ ಕಡಿಮೆಯಿದ್ದ ಹಳ್ಳಿ ಹುಡುಗನ ಮುಖ ಹಚ್ಚಿದರೆ ಓದಿದವರು ತಪ್ಪಿಸಿಕೊಳ್ಳುವುದಿಲ್ಲವೇ? 1942ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ಎರಡು ದಿನಗಳಲ್ಲಿ ಸುಮಾರು 13,000 ಯಹೂದಿಗಳನ್ನು ಹಿಡಿದದ್ದು ಫ್ರೆಂಚ್ ಪೊಲೀಸರೇ, ಮೇಲಿನವರ ಲಿಖಿತ ಆದೇಶದಂತೆ. ಬೋರ್ಡೋ ನಗರದಿಂದ ಯಹೂದಿಗಳನ್ನು ಸಾಗಿಸಿದ ಆಡಳಿತದಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಮೊರಿಸ್ ಪಾಪೋನ್ ಯುದ್ಧ ಮುಗಿದ ಮೇಲೆ ಪ್ಯಾರಿಸ್ಸಿನ ಪೊಲೀಸ್ ಮುಖ್ಯಸ್ಥರಾದರು, ಬಜೆಟ್ ಮಂತ್ರಿಯೂ ಆದರು. ಅವರಿಗೆ ಶಿಕ್ಷೆಯಾದದ್ದು 1998ರಲ್ಲಿ, ಹತ್ತು ವರ್ಷ ಸೆರೆ. 2002ರಲ್ಲಿ ಅನಾರೋಗ್ಯದ ಕಾರಣ ಹೊರಬಂದರು. ಕಥೆಯ ಲೂಸಿಯೆನ್‌ಗೆ ನಾಲ್ಕು ತಿಂಗಳಲ್ಲಿ ಗುಂಡು. ಚಿಕ್ಕವನ ಲೆಕ್ಕ ಬೇಗ ಚುಕ್ತಾ ಆಗುತ್ತದೆ, ದೊಡ್ಡವರ ಲೆಕ್ಕಕ್ಕೆ ಅರ್ಧ ಶತಮಾನ ಬೇಕಾಗುತ್ತದೆ. ಇಬ್ಬರದೂ ಅಪರಾಧವೇ, ಆದರೆ ಆ ವ್ಯತ್ಯಾಸವನ್ನು ಮರೆತು ಈ ಚಿತ್ರ ನೋಡಬಾರದು.

ಮಾಲ್ 1987ರಲ್ಲಿ ಇದಕ್ಕೆ ಜೊತೆಯಾಗುವಂಥ ಇನ್ನೊಂದು ಚಿತ್ರ ಮಾಡಿದರು, ‘ಓ ರವ್ವಾ ಲೆಜಾಂಫಾಂ’. ‘ಮಕ್ಕಳೇ, ಹೋಗಿಬರುತ್ತೇನೆ’ ಎಂದು ಅರ್ಥ. 1944ರ ಜನವರಿಯಲ್ಲಿ ಅವರು ಓದುತ್ತಿದ್ದ ಪಾದ್ರಿಗಳ ಶಾಲೆಯಿಂದ, ಬೇರೆ ಹೆಸರಿಟ್ಟು ಅಡಗಿಸಿದ್ದ ಮೂವರು ಯಹೂದಿ ಹುಡುಗರನ್ನೂ ಮುಖ್ಯ ಪಾದ್ರಿಯನ್ನೂ ಜರ್ಮನ್ನರು ಹಿಡಿದೊಯ್ದಿದ್ದರು. ಆಗ ಮಾಲ್‌ಗೆ ಹನ್ನೊಂದು ವರ್ಷ. ಆ ಚಿತ್ರದಲ್ಲಿ ಗುಟ್ಟು ಬಿಟ್ಟುಕೊಡುವವನು ಅಡುಗೆಮನೆಯ ಕೆಲಸದ ಹುಡುಗ. ಶ್ರೀಮಂತರ ಮಕ್ಕಳ ಜೊತೆ ಸೇರಿ ಕಳ್ಳ ವ್ಯಾಪಾರ ಮಾಡಿದಾಗ ಕೆಲಸ ಹೋದದ್ದು ಅವನೊಬ್ಬನದೇ. ಅವನು ಲೂಸಿಯೆನ್‌ನ ತಮ್ಮನಂತೆ ಕಾಣುತ್ತಾನೆ.

ಮಕ್ಕಳಿರುವ ಮನೆಯವರು ಆ ಎರಡನೆಯ ಚಿತ್ರದಿಂದ ಆರಂಭಿಸಬಹುದು. ‘ಲಕೊಂಬ್, ಲೂಸಿಯೆನ್’ ದೊಡ್ಡವರಿಗೆ. ಎರಡು ಗಂಟೆ ಮೀರುವ ಚಿತ್ರ, ಸಬ್‌ಟೈಟಲ್ ಓದಬೇಕು, ಅವಸರವಿಲ್ಲದ ರಜಾದಿನವೇ ಆಗಬೇಕು. ನಾಲ್ಕು ಜನ ಕೂಡಿ ನೋಡಿ. ನೋಡಿದ ಮೇಲೆ ಲೂಸಿಯೆನ್ ಒಳ್ಳೆಯವನೋ ಕೆಟ್ಟವನೋ ಎಂದು ವಾದಿಸುವುದರಲ್ಲೇ ಹೊತ್ತು ಕಳೆಯಬೇಡಿ. ನಮ್ಮ ನಡುವೆ ನೆಲ ಒರೆಸುತ್ತಿರುವ ಹದಿನೆಂಟು ಇಪ್ಪತ್ತರ ಹುಡುಗರನ್ನು ನಾವು ಹೆಸರು ಹಿಡಿದು ಕರೆಯುತ್ತೇವೆಯೇ, ಬಾ ಕೂತುಕೋ ಎನ್ನುತ್ತೇವೆಯೇ ಎಂಬುದನ್ನೂ ಮಾತಾಡಿ. ನಾವು ಹೇಳದಿದ್ದರೆ ಹೇಳುವವರು ಬೇರೆ ಯಾರಾದರೂ ಇದ್ದೇ ಇರುತ್ತಾರೆ.