ಎದೆಯ ಮೇಲಿನ ಭಾರ

ಪುಣೆಗೆ ಬಂದು 18 ವರ್ಷವಾಯಿತು. ರವಿವಾರ ಬಂತೆಂದರೆ ಯಾವುದಾದರೊಂದು ಗಡ ಹತ್ತದೆ ನನ್ನ ಕಾಲು ಸುಮ್ಮನಿರುವುದಿಲ್ಲ. ಧಾರವಾಡದ ನೆಂಟರು ಇದನ್ನು ಹುಚ್ಚು ಎನ್ನುತ್ತಾರೆ. ಇರಲಿ.

ಕಳೆದ ಮಳೆಗಾಲಕ್ಕೆ ಮುಂಚೆ ಒಂದು ಚೆಸ್ಟ್ ರಿಗ್ ಕೊಂಡೆ. ಸೈನಿಕರು ಎದೆಗೆ ಕಟ್ಟಿಕೊಳ್ಳುತ್ತಾರಲ್ಲ, ಸಾಲು ಜೇಬುಗಳದು, ಅದೇ. ಚೀನಾದ ‘ಟೈಪ್ 56’ ಇದರ ಹೆಸರುವಾಸಿ ಹಳೆಯ ಮಾದರಿ. ಬಂದೂಕಿನ ಮ್ಯಾಗಜೀನಿಗೆಂದು ನಡುವೆ ಮೂರು ದೊಡ್ಡ ಜೇಬು, ಅಕ್ಕಪಕ್ಕ ನಾಲ್ಕು ಸಣ್ಣವು. ವಿಯೆಟ್ನಾಂ ಯುದ್ಧದಲ್ಲಿ ಅದನ್ನು ಬಹಳ ಬಳಸಿದರು. ನನಗೆ ಬೇಕಾದದ್ದು ಇಷ್ಟೇ: ಬೆನ್ನುಚೀಲ ಇಳಿಸದೆ ಟಾರ್ಚು, ಸೀಟಿ, ಬ್ಯಾಂಡೇಜು, ಫೋನು ಕೈಗೆ ಸಿಗಬೇಕು.

ಮನೆಯಲ್ಲಿ ಕನ್ನಡಿ ಮುಂದೆ ನಿಂತು, ಬನಿಯನ್ನಿನ ಮೇಲೆ ಖಾಲಿ ರಿಗ್ ತೊಟ್ಟು ಪಟ್ಟಿ ಬಿಗಿದೆ. ಸರಿಯಾಗಿಯೇ ಕೂತಿತ್ತು. ಮರುದಿನ ಅದರಲ್ಲಿ ನೀರಿನ ಬಾಟಲಿ, ಪವರ್ ಬ್ಯಾಂಕು, ಚಿಕ್ಕಿ ಎಲ್ಲ ತುರುಕಿ ತೋರಣಾ ಗಡ ಹತ್ತಿದೆವು. ಇಳಿಯುವಾಗ ಬಿನಿ ದರವಾಜೆಯ ಕೆಳಗೆ ಒದ್ದೆ ಬಂಡೆ. ಮಗಳು ನನಗಿಂತ ನಾಲ್ಕು ಹೆಜ್ಜೆ ಕೆಳಗಿದ್ದಳು. ನನ್ನ ಕಾಲು ಜಾರಿತು. ಕೈಗೆ ಕಬ್ಬಿಣದ ಕಂಬಿ ಸಿಗದಿದ್ದರೆ ನೇರ ಅವಳ ಮೇಲೆ ಬೀಳುತ್ತಿದ್ದೆ. ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅವಳು ಮಾತ್ರ ನನ್ನನ್ನು ನಿಲ್ಲಿಸಿ ಕೇಳಿದಳು, “ಅಪ್ಪಾ, ಕೆಳಗ ನೋಡು. ನಿನ್ನ ಕಾಲು ನಿನಗ ಕಾಣಸ್ತಾವೇನು?”

ಕಾಣುತ್ತಿರಲಿಲ್ಲ. ಉಬ್ಬಿದ ಜೇಬುಗಳು ಹೊಟ್ಟೆಯವರೆಗೆ ಜೋತುಬಿದ್ದು ಪಾದವನ್ನೇ ಮುಚ್ಚಿದ್ದವು.

ಆಮೇಲೆ ಕಲಿತದ್ದನ್ನು ಕೊಳ್ಳಬೇಕೆಂದಿರುವವರಿಗಾಗಿ ಬರೆಯುತ್ತೇನೆ. ಮೊದಲನೆಯದು, ಅಗಲಕ್ಕಿಂತ ದಪ್ಪ ನೋಡಿ. ಎದೆಗೆ ಅಂಟಿ ಕೂರುವ ಚಪ್ಪಟೆ ಜೇಬುಗಳೇ ಒಳ್ಳೆಯದು. ನೀರು ಮತ್ತು ಭಾರದ ವಸ್ತುಗಳ ಜಾಗ ಬೆನ್ನುಚೀಲ. ಎರಡು, ಬೆನ್ನ ಮೇಲೆ ಪಟ್ಟಿ ಹೇಗೆ ಹೋಗುತ್ತದೆ ನೋಡಿ. ಅಡ್ಡಡ್ಡ ದಾಟುವ ಪಟ್ಟಿ ಜಾರುವುದಿಲ್ಲ, ಆದರೆ ದಾಟುವ ಜಾಗ ಬೆನ್ನುಚೀಲದಡಿ ಒತ್ತಬಹುದು. ನನಗೆ ನೇರ ಪಟ್ಟಿಯೇ ಹಿತವೆನಿಸಿತು.

ಮೂರು, ಅಳತೆ ಹೊಂದಿಸುವ ಕ್ರಮ. ಬೆಟ್ಟಕ್ಕೆ ತೊಡುವ ಅಂಗಿ, ಮಳೆಕೋಟು ತೊಟ್ಟು, ಜೇಬು ತುಂಬಿದ ಮೇಲೆಯೇ ಪಟ್ಟಿಗೆ ಕೈಹಾಕಿ. ಮೊದಲು ಹೆಗಲ ಪಟ್ಟಿ ಎಳೆದು ರಿಗ್ಗನ್ನು ಎತ್ತರಿಸಿ. ಕೆಳ ಅಂಚು ಹೊಕ್ಕುಳಿಗಿಂತ ಸಾಕಷ್ಟು ಮೇಲಿರಲಿ. ಆಮೇಲೆ ಪೂರ್ತಿ ಉಸಿರೆಳೆದು ಪಕ್ಕದ ಪಟ್ಟಿ ಬಿಗಿಯಿರಿ. ಉಸಿರು ಬಿಟ್ಟು ಬಿಗಿದರೆ ಏರಿನಲ್ಲಿ ಎದೆ ಕಟ್ಟುತ್ತದೆ. ಅದರ ಮೇಲೆ ಬೆನ್ನುಚೀಲ ಹಾಕಿ ಕುಕ್ಕರುಗಾಲಲ್ಲಿ ಕೂತು ಏಳಿ, ಮೊಣಕಾಲು ಎತ್ತಿ, ನಾಲ್ಕು ಹೆಜ್ಜೆ ಓಡಿ. ರಿಗ್ ಕುಣಿಯಬಾರದು, ಕುತ್ತಿಗೆ ಉಜ್ಜಬಾರದು. ಕೊನೆಗೆ ತಲೆ ಬಗ್ಗಿಸಿ ನೋಡಿ: ಪಾದ ಕಾಣಬೇಕು. ಉಳಿದ ಪಟ್ಟಿಯ ತುದಿ ಮಡಚಿ ಟೇಪು ಸುತ್ತಿ, ಇಲ್ಲವಾದರೆ ಗಿಡಗಂಟಿಗೆ ಸಿಕ್ಕಿಕೊಳ್ಳುತ್ತದೆ.

ಅಂಗಿ ಹೊಲಿಸಲು ಟೇಲರ್ ಮುಂದೆ ಎರಡು ಸಲ ನಿಲ್ಲುತ್ತೇವೆ. ಜೀವಕ್ಕೆ ಕಟ್ಟಿಕೊಳ್ಳುವ ವಸ್ತುವಿಗೆ ನಾನು ಎರಡು ನಿಮಿಷ ಕೊಟ್ಟಿರಲಿಲ್ಲ.

ಈಗ ಇಳಿಯುವಾಗ ಮಗಳು ನನ್ನ ಹಿಂದೆ ಬರುತ್ತಾಳೆ. ಹೊರಡುವ ಮುನ್ನ ನನ್ನ ಬಕಲ್ ಎಳೆದು ನೋಡುವುದು ಅವಳ ಕೆಲಸ.