ಚೀಟಿ ಬರೆಯಿರಿ, ಡಾಕ್ಟರೇ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಡಾಕ್ಟರುಗಳೇ, ಈ ಮಾತು ಮೊದಲು ನಿಮಗೆ. ಮುಟ್ಟು ನಿಂತ ಹೆಂಗಸು ಮೈ ಬೆವೆತು ನಿದ್ದೆಗೆಟ್ಟು ಬಂದರೆ ಎಸ್ಟ್ರಾಡಯಾಲ್ ಬರೆಯುತ್ತೀರಿ. ಪ್ರಾಸ್ಟೇಟ್ ಕ್ಯಾನ್ಸರ್ ಆದ ಯಜಮಾನರಿಗೆ ಟೆಸ್ಟೋಸ್ಟೆರಾನ್ ತಗ್ಗಿಸುವ ಇಂಜೆಕ್ಷನ್ ಕೊಡಿಸುತ್ತೀರಿ. ಬಿಪಿಗೆ ಕೊಡುವ ಸ್ಪೈರನೊಲ್ಯಾಕ್ಟೋನ್ ನಿಮಗೆ ಹಳೆಯ ಪರಿಚಯ. ಟ್ರಾನ್ಸ್ ಮಹಿಳೆಯೊಬ್ಬಳು ಇದೇ ಔಷಧಿ ಕೇಳಿಕೊಂಡು ಎದುರಿಗೆ ಕೂತಾಗ ಮಾತ್ರ ಪೆನ್ನು ಏಕೆ ತಡೆಯುತ್ತದೆ?

ನೀವು ಬರೆಯಲಿಲ್ಲವೆಂದು ಆಕೆ ಸುಮ್ಮನಾಗುವುದಿಲ್ಲ. ಚೀಟಿಯಿಲ್ಲದೆ ಸಿಗುವ ಗರ್ಭನಿರೋಧಕ ಮಾತ್ರೆಯನ್ನು ಗೆಳತಿ ಹೇಳಿದ ಲೆಕ್ಕದಲ್ಲಿ ದಿನಕ್ಕೆ ಎರಡೋ ಮೂರೋ ನುಂಗುತ್ತಾಳೆ. ಅದರಲ್ಲಿರುವ ಎಥಿನೈಲ್ ಎಸ್ಟ್ರಾಡಯಾಲ್ ಹೆಚ್ಚಿದಷ್ಟೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೇರುವ ಅಪಾಯವೂ ಹೆಚ್ಚು. ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು. ಚರ್ಮಕ್ಕೆ ಹಚ್ಚುವ ಎಸ್ಟ್ರಾಡಯಾಲ್ ಜೆಲ್‌ನಲ್ಲಿ ಈ ಭಯ ಕಡಿಮೆಯೆಂದು ಹೇಳಬೇಕಾದವರು ನೀವು. ಸ್ಪೈರನೊಲ್ಯಾಕ್ಟೋನ್ ನುಂಗುವವಳ ಪೊಟ್ಯಾಸಿಯಂ ನೋಡಬೇಕು. ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುವ ಟ್ರಾನ್ಸ್ ಪುರುಷನ ರಕ್ತ ಗಟ್ಟಿಯಾಗುತ್ತಿದೆಯೇ ನೋಡಬೇಕು. ಒಡೆದ ದನಿ ಮತ್ತೆ ಮೊದಲಿನಂತಾಗದು, ಮಕ್ಕಳಾಗುವ ಸಾಧ್ಯತೆ ಕುಗ್ಗಬಹುದು ಎಂಬುದನ್ನು ಮುಂಚೆಯೇ ಕೂರಿಸಿಕೊಂಡು ತಿಳಿಸಬೇಕು. ಇಷ್ಟೆಲ್ಲ ಅಪಾಯವಿದೆಯೆಂದೇ ಬಾಗಿಲು ಹಾಕುವವರೂ ಇದ್ದಾರೆ. ಅಪಾಯವಿಲ್ಲದಿದ್ದರೆ ನಿಮ್ಮ ಹತ್ತಿರ ಯಾರು ಬರುತ್ತಿದ್ದರು ಸ್ವಾಮಿ?

ನನಗೆ ಹೊಟ್ಟೆ ಉರಿಯುವುದು ವಯಸ್ಸಾದವರನ್ನು ನೆನೆದಾಗ. ಹಿಜ್ರಾ ಸಮುದಾಯದ ಹಮಾಮ್‌ಗಳಲ್ಲಿ (ಸ್ನಾನಗೃಹಗಳಲ್ಲಿ) ಬಾಳಿ, ‘ನಿರ್ವಾಣ’ವಾಗಿ, ಅಂದರೆ ಜನನಾಂಗ ತೆಗೆಸಿಕೊಂಡು, ದಶಕಗಳನ್ನೇ ಕಳೆದವರು. ವೃಷಣ ತೆಗೆದ ದೇಹಕ್ಕೆ ಹಾರ್ಮೋನು ಹೊರಗಿನಿಂದ ಸಿಗದಿದ್ದರೆ ಮೂಳೆ ಟೊಳ್ಳಾಗುತ್ತದೆ. ಮಂಡಿನೋವು, ಸೊಂಟನೋವು ಎಂದು ಬಂದ ಇಂಥ ಅಜ್ಜಿಯ ಮೂಳೆಯ ಸಾಂದ್ರತೆ ನೋಡಿಸಿದ್ದೀರಾ?

ಕಾನೂನಿನ ನೆಪ ಬೇಡ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕನ್ನು ಸುಪ್ರೀಂ ಕೋರ್ಟ್ 2014ರಲ್ಲೇ ಎತ್ತಿಹಿಡಿಯಿತು. ಹಾರ್ಮೋನ್ ಚಿಕಿತ್ಸೆ, ಆಪ್ತಸಲಹೆ, ವಿಮೆ ಸರ್ಕಾರದ ಹೊಣೆಯೆಂದು ಅವರ ಹಕ್ಕು ರಕ್ಷಣೆಯ 2019ರ ಕಾಯ್ದೆಯ 15ನೇ ಸೆಕ್ಷನ್ ಬರೆಯಿತು. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಟ್ರಾನ್ಸ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ‘ಸರಿಮಾಡುತ್ತೇವೆ’ ಎನ್ನುವ ಚಿಕಿತ್ಸೆ ವೃತ್ತಿ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್ ಜನರಿಗೆ ಶೇ 1ರಷ್ಟು ಮೀಸಲಾತಿಯನ್ನು ದೇಶದಲ್ಲೇ ಮೊದಲು, 2021ರಲ್ಲಿ, ಕೊಟ್ಟ ರಾಜ್ಯ ನಮ್ಮದು. ನೌಕರಿ ಕೊಟ್ಟ ಸರ್ಕಾರವೇ, ಮಲ್ಲೇಶ್ವರದ ಕೆ.ಸಿ. ಜನರಲ್‌ನಲ್ಲಿ, ಮಾರ್ಕೆಟ್ ಪಕ್ಕದ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಈ ಚಿಕಿತ್ಸೆಗೆ ಯಾವ ವಾರ, ಯಾವ ಕೊಠಡಿ ಎಂದು ಬಾಗಿಲಲ್ಲೇ ಕನ್ನಡದಲ್ಲಿ ಬೋರ್ಡು ಹಾಕಿಸು.

ಗಾಂಧಿ ಬಜಾರಿನ ಮೆಡಿಕಲ್ ಸ್ಟೋರಿನವರೇ, ಚೀಟಿ ತಂದವರ ಮುಖ ನೋಡಿ ಪಕ್ಕದವನಿಗೆ ಕಣ್ಣು ಹೊಡೆಯಬೇಡಿ.

ತಾಯ್ತಂದೆಯರೇ, ಬೆಳೆದ ಮಕ್ಕಳ ಬೀರುವಿನಲ್ಲಿ ಇಂಥ ಮಾತ್ರೆ ಸಿಕ್ಕರೆ ಕಸಕ್ಕೆ ಎಸೆಯಬೇಡಿ. ಎಷ್ಟು ನುಂಗುತ್ತಿದ್ದೀಯ, ಯಾರು ಹೇಳಿದರು ಎಂದು ಕೇಳಿ. ನಾಳೆ ಬೆಳಿಗ್ಗೆಯೇ ಜೊತೆಗೆ ಹೊರಟು ರಕ್ತ ಪರೀಕ್ಷೆ ಮಾಡಿಸಿ.